ಬಾಲದೊಳಗಿನ ಒಂಬತ್ತು ಘಟನೆಗಳು

ಜೂನ್ 23, ಸೋಮವಾರ. ಬೆಳಿಗ್ಗೆ 5.40

ಬಾಹ್ಯಾಕಾಶ ನೌಕೆಗಳ ಡೇಟಾ ಡೌನ್‌ಲೋಡ್, ಶೇಕಡಾ 71. ಇನ್ನೊಂದು ತಾಸು ಟವರ್ ಬಿಡುವಾಗಿರುತ್ತದೆ. ಆಮೇಲೆ ನಮ್ಮ ಸಂಖ ಊರಿನ ಮೊಬೈಲುಗಳೆಲ್ಲ ಎದ್ದು ರೀಲ್ಸ್ ನೋಡಲು ಕೂರುತ್ತವೆ. ನನ್ನದು ಅಲ್ಲೇ ನಿಂತುಬಿಡುತ್ತದೆ. ದಿನಕ್ಕೆ ಒಂದೂವರೆ ಜಿಬಿ. ಅದರಲ್ಲೇ ಬಾಹ್ಯಾಕಾಶ, ಕಾಲೇಜಿನ ವಾಟ್ಸಾಪ್ ಗ್ರೂಪು, ಅತ್ತೆಯ ಭಜನೆ ವಿಡಿಯೊ. ಹಾಗಾಗಿ ಮನೆಯಲ್ಲಿ ಪೂರ್ತಿ ಫೈಲ್ ಎಂದೂ ಇಳಿಸಿದವಳಲ್ಲ. ವೆಬ್‌ಸೈಟಿನಲ್ಲೇ ಬೇಕಾದ ಕಾಲಮ್ ಆರಿಸಿ, ಉಳಿದದ್ದು ಕತ್ತರಿಸಿ ತರಿಸುವುದು. ಮೂರು ವರ್ಷದಿಂದ ಇದೇ ಚಾಳಿ.

ಪೇಪರ್ ಸ್ವೀಕಾರವಾಗಿ ನಾಲ್ಕು ದಿನ. ಇನ್ನೂ ನಂಬಿಕೆ ಬಂದಿಲ್ಲ. ಮೇಲ್ ತೆಗೆದು ತೆಗೆದು ನೋಡುತ್ತೇನೆ... ಮೊದಲ ಹೆಸರು ನನ್ನದು, ಸುಮನ. ಎರಡನೆಯದು ಕಾಜಲ್. ಕೊನೆಗೆ ಗೈಡ್ ವಿಜಯ ಸರ್. ಕಾಜಲ್ ನಮ್ಮ ಬಿಳೂರಿನವಳು, ಕೊಲ್ಹಾಪುರದ ಹಾಸ್ಟೆಲಿನಲ್ಲಿದ್ದು ಪಿಎಚ್‌ಡಿ ಮಾಡುತ್ತಾಳೆ. ನಾನು ಜತ್ತದಲ್ಲಿ ಹನ್ನೆರಡನೆಯ ತರಗತಿಯವರಿಗೆ ಫಿಸಿಕ್ಸ್ ಕಲಿಸುತ್ತ, ಕುರಿಗಾರರ ಮನೆಯ ಸೊಸೆಯಾಗಿ, ಸಿಕ್ಕ ಹೊತ್ತಿನಲ್ಲಿ ಪಿಎಚ್‌ಡಿ. ಇಡೀ ಡಿಪಾರ್ಟ್‌ಮೆಂಟಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಜಗಳವೂ ಕನ್ನಡದಲ್ಲೇ.

ನನ್ನ ಪಟ್ಟಿಯ ಇಪ್ಪತ್ತಮೂರು ಘಟನೆಗಳ ಮೇಲೆಯೇ ಅವಳ ಥೀಸಿಸ್ ನಿಂತಿದೆ. ಅವಳ ವೈವಾ ಆಗಸ್ಟ್ 22ಕ್ಕೆ. ಹೋಗಬೇಕು. ರಜೆ ಈಗಲೇ ಹೇಳಿಡಬೇಕು.

ಶೇಕಡಾ 74. ರೊಟ್ಟಿ ಹಿಟ್ಟು ನಾದಬೇಕು.

ಜೂನ್ 29, ಭಾನುವಾರ

ಮಾವ ಇವತ್ತು ನನ್ನ ಲ್ಯಾಪ್‌ಟಾಪಿನ ಮುಂದೆ ಬಂದು ಕುಂತರು. ಅರವತ್ತೆಂಟು ವರ್ಷ, ನೂರಾ ನಲವತ್ತು ಕುರಿ, ಹೆಸರು ಶಿದ್ರಾಯ. ಸಾಲಿಗೆ ಹೋದದ್ದು ಮೂರು ದಿನ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

"ಏನ್ ನೋಡ್ತಿ ಯವ್ವಾ ದಿನಾ ಇದ್ರಾಗ?"

"ಭೂಮಿ ಬಾಲ ನೋಡ್ತೀನ್ರಿ ಮಾವಾರ."

"ಭೂಮಿಗೂ ಬಾಲ ಐತಿ?"

ಐತ್ರಿ ಎಂದೆ. ಭೂಮಿ ಒಂದು ದೊಡ್ಡ ಅಯಸ್ಕಾಂತ. ಸೂರ್ಯನಿಂದ ಸದಾ ಒಂದು ಗಾಳಿ ಬೀಸುತ್ತಿರುತ್ತದೆ. ಎದುರುಗಾಳಿಗೆ ಸೆರಗು ಹಿಂದಕ್ಕೆ ಹಾರುವ ಹಾಗೆ ಭೂಮಿಯ ಕಾಂತಕ್ಷೇತ್ರ ಹಿಂದಕ್ಕೆ, ಲಕ್ಷಾಂತರ ಕಿಲೊಮೀಟರ್ ಚಾಚಿಕೊಂಡಿದೆ. ಬಾಲದ ಮೇಲಿನ ಅರ್ಧದಲ್ಲಿ ಕಾಂತರೇಖೆ ಭೂಮಿಯ ಕಡೆಗೆ, ಕೆಳಗಿನ ಅರ್ಧದಲ್ಲಿ ಭೂಮಿಯಿಂದ ಆಚೆಗೆ. ನಡುವೆ ಒಂದು ಪದರ. ಅದು ತೆಳುವಾಗಿ ತೆಳುವಾಗಿ ಒಂದು ಕಡೆ ಮೇಲಿನದೂ ಕೆಳಗಿನದೂ ತಾಕಿ, ತುಂಡಾಗಿ, ಬೇರೆ ಥರ ಕೂಡಿಕೊಳ್ಳುತ್ತವೆ. ಮರುಜೋಡಣೆ. ಆಗ ಅಲ್ಲಿಂದ ಬಿಸಿ ಪ್ಲಾಸ್ಮಾದ ಒಂದು ಹೊನಲು ಭೂಮಿಯತ್ತ, ಇನ್ನೊಂದು ಬಾಲದ ತುದಿಯತ್ತ ಚಿಮ್ಮುತ್ತದೆ. ಒಂದೂವರೆ ಲಕ್ಷ ಕಿಲೊಮೀಟರ್ ಆಚೆ ನಾಲ್ಕು ನೌಕೆ ಜೊತೆಜೊತೆಯಾಗಿ ಹಾರುತ್ತ ಇದನ್ನು ಅಳೆದಿವೆ. ಹೊನಲಿನ ದಿಕ್ಕು ತಿರುಗಿ, ಅದೇ ಗಳಿಗೆಗೆ ಕಾಂತಕ್ಷೇತ್ರವೂ ದಕ್ಷಿಣದಿಂದ ಉತ್ತರಕ್ಕೆ ಹೊರಳಿದರೆ, ಜೋಡಣೆಯ ಜಾಗ ನೌಕೆಗಳನ್ನು ದಾಟಿ ಹೋಯಿತು ಎಂದು ಅರ್ಥ. ಅಂಥ ಗಳಿಗೆಗಳನ್ನು ಹುಡುಕಿ ಪಟ್ಟಿ ಮಾಡಿದ್ದೇ ನನ್ನ ಕೆಲಸ.

ಎಲ್ಲ ಕೇಳಿ ಮಾವ ಅಂದರು: "ಅಲ್ಲಿ ಯಾರೂ ಇಲ್ಲಲ್ಲ. ಮತ್ತ ನೀ ಬರದದ್ದು ಖರೆ ಅಂತ ಯಾರ್ ಹೇಳವ್ರು?"

"ಯಾರ್ ಬೇಕಾದ್ರೂ ನೋಡಬಹುದ್ರಿ. ಲೆಕ್ಕ ಎಲ್ಲಾರಿಗೂ ತಗದ ಇಟ್ಟಾರ."

"ಅಂದ್ರ ಯಾರೂ ನೋಡಂಗಿಲ್ಲ ಬಿಡು" ಎಂದು ನಕ್ಕು, ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟರು.

ಜುಲೈ 9, ಬುಧವಾರ

ಪೇಪರ್ ಆನ್‌ಲೈನ್ ಬಂತು! ಸ್ಟಾಫ್‌ರೂಮಿನಲ್ಲಿ ಪೇಢೆ ಹಂಚಿದೆ. ಕಾಜಲ್ ಫೋನಿನಲ್ಲಿ ಕಿರುಚಿದಳು. ವಿದ್ಯಾಪೀಠದ ನಿಯಮ: ಪ್ರಕಟವಾದ ಒಂದು ಪೇಪರ್ ಇಲ್ಲದೆ ವೈವಾ ಇಲ್ಲ. ಅವಳಿಗೆ ಇದೊಂದೇ. "ಅಕ್ಕಾ, ನಿಮ್ಮ ಪುಣ್ಯಾ" ಎಂದಳು. ಅವಳ ಮನೆಯವರು ದೀಪಾವಳಿಯ ತನಕ ಗಡುವು ಕೊಟ್ಟಿದ್ದಾರೆ — ಅಷ್ಟರಲ್ಲಿ ಡಿಗ್ರಿ, ಇಲ್ಲವೇ ಮದುವೆ. ವರ ಕೂಡ ಗೊತ್ತಾಗಿದ್ದಾನೆ, ಸೋದರಮಾವನ ಮಗ.

ಖುಷಿ. ಬರೆಯಲು ಬೇರೇನಿಲ್ಲ.

ಜುಲೈ 12, ಶನಿವಾರ. ಮಧ್ಯಾಹ್ನ

ಕ್ರಮವಾಗಿ ಬರೆಯುತ್ತೇನೆ.

ಕಾಲೇಜಿನ ಪೋಸ್ಟರಿಗೆಂದು ಒಂದು ಚಿತ್ರ ಬೇಕಿತ್ತು. ಹದಿನೇಳನೆಯ ಘಟನೆ ತೆಗೆದೆ, ಸೆಪ್ಟೆಂಬರಿನದು. ಕಾಂತಕ್ಷೇತ್ರದ ಅಡ್ಡ ಗೆರೆ, ಲಂಬ ಗೆರೆ — ಎರಡೂ ಒಂದೇ ಥರ ಏರುತ್ತವೆ, ಒಂದೇ ಥರ ಇಳಿಯುತ್ತವೆ. ಹದಿನೆಂಟು ತೆಗೆದೆ. ಹಾಗೇ. ಇಪ್ಪತ್ತಮೂರರ ತನಕ ಹಾಗೇ. ಹದಿನೈದು, ಹದಿನಾರು ಕೂಡ. ಜೂನ್–ಜುಲೈನ ಹದಿನಾಲ್ಕರಲ್ಲಿ ಎಲ್ಲೂ ಇಲ್ಲ.

ಗೊತ್ತಾಯಿತು. ಕ್ಷೇತ್ರ ಅಳೆಯಲು ಎರಡು ಚೌಕಟ್ಟು ಇವೆ. ಒಂದರಲ್ಲಿ 'ಮೇಲೆ' ಅಂದರೆ ಭೂಮಿಯ ಕಕ್ಷೆಗೆ ನೇರ ಮೇಲೆ. ಇನ್ನೊಂದರಲ್ಲಿ 'ಮೇಲೆ' ಅಂದರೆ ಭೂಮಿಯ ಅಯಸ್ಕಾಂತ ಎತ್ತ ವಾಲಿದೆಯೋ ಅತ್ತ. ಬಾಲಕ್ಕೆ ಬೇಕಾದ್ದು ಎರಡನೆಯದು. ಜೂನ್–ಜುಲೈ ಫೈಲುಗಳನ್ನು ಕೊಲ್ಹಾಪುರದ ಲ್ಯಾಬಿನಲ್ಲಿ ಪೂರ್ತಿ ಇಳಿಸಿದ್ದೆ, ಸರಿ ಇವೆ. ಆಗಸ್ಟ್ ಕೊನೆ–ಸೆಪ್ಟೆಂಬರಿನವು ಮನೆಯಲ್ಲಿ, ಒಂದೂವರೆ ಜಿಬಿಯಲ್ಲಿ, ಕತ್ತರಿಸಿ. ಫೈಲಿನಲ್ಲಿ ಎರಡೂ ಚೌಕಟ್ಟಿನ ಕಾಲಮ್ ಇರುತ್ತವೆ. ನಾನು ಇಟ್ಟುಕೊಂಡದ್ದು ಮೊದಲನೆಯದು. ಬಿಸಾಕಿದ್ದು ಬೇಕಾದದ್ದು.

ಜೂನಿನಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ. ಸೆಪ್ಟೆಂಬರಿಗೆ ಮೂವತ್ತು ಡಿಗ್ರಿ ತನಕ ಹೋಗುತ್ತದೆ. ಅಡ್ಡದ್ದು ಲಂಬದೊಳಗೆ ಸೋರುತ್ತದೆ. ದಕ್ಷಿಣ ಇಲ್ಲದಲ್ಲಿ ದಕ್ಷಿಣ ಕಾಣುತ್ತದೆ. ಮೂರು ವರ್ಷ ಹುಡುಗರಿಗೆ 'ಮೊದಲು ಅಕ್ಷ ಗುರುತು ಮಾಡಿರಿ' ಎಂದು ಬಡಿದುಕೊಂಡವಳು ನಾನು. ಕತ್ತೆ.

ಜುಲೈ 13, ಭಾನುವಾರ

ಸರಿಯಾದ ಕಾಲಮ್ ತರಿಸಿ ಮತ್ತೆ ನೋಡಿದೆ. ಒಂಬತ್ತರಲ್ಲಿ ಏಳು ಹೋದವು. ಎರಡು ಹೇಗೋ ಜೀವ ಹಿಡಿದಿವೆ. ಪೇಪರಿನ ಮುಖ್ಯ ಮಾತೇ ಆ ಏಳರ ಮೇಲೆ ನಿಂತಿತ್ತು.

ಜರ್ನಲ್ಲಿಗೆ ಬರೆದು ವಾಪಸ್ ತೆಗೆದುಕೊಳ್ಳಬೇಕು. ಅದರಲ್ಲಿ ಎರಡನೆಯ ಮಾತಿಲ್ಲ. ಆದರೆ ಪೇಪರ್ ಹೋದರೆ ಕಾಜಲ್‌ಳ ವೈವಾ ಹೋಯಿತು. ಥೀಸಿಸ್ಸಿನ ನಾಲ್ಕನೆಯ ಅಧ್ಯಾಯ ಹೋಯಿತು. ದೀಪಾವಳಿಗೆ ಮದುವೆ, ಅಕ್ಕಿಕಾಳು. ತಪ್ಪು ಮಾಡಿದವಳು ನಾನು, ಅನುಭವಿಸುವವಳು ಅವಳು.

ಇವರಿಗೆ ಹೇಳಿದೆ. ನನ್ನ ಗಂಡ ನಾಗನಾಥ, ಬಸ್ ಕಂಡಕ್ಟರ್. ಕೇಳಿದವರೇ ಶಾಂತವಾಗಿ, "ಟಿಕೀಟ್ ಹರದ ಮ್ಯಾಲ ಹಿಂದ ತಗೊಳ್ಳಾಕ ಬರೂದಿಲ್ಲ ಬಿಡು. ಗಾಡಿ ಹೊಂಟೈತಿ, ಸುಮ್ನ ಕುಂದ್ರು" ಎಂದರು.

"ಚೆಕಿಂಗ್‌ದವ್ರು ಹತ್ತಿದ್ರ?"

"ಹತ್ತಿದಾಗ ನೋಡೂನು."

ಜುಲೈ 20, ಭಾನುವಾರ

ಒಂದು ವಾರ ಯಾರಿಗೂ ಏನೂ ಬರೆದಿಲ್ಲ. ಸರ್‌ಗೆ ಎರಡು ಸಲ ಮೇಲ್ ಟೈಪ್ ಮಾಡಿ ಅಳಿಸಿದೆ. ಇನ್ನೊಂದು ಯೋಚನೆಯೂ ಬಂದಿತ್ತು, ಒಪ್ಪಿಕೊಳ್ಳುತ್ತೇನೆ: ಉಳಿದ ವರ್ಷಗಳ ಡೇಟಾ ಜಾಲಾಡಿ ಬೇರೆ ಏಳು ಘಟನೆ ಹುಡುಕಿ, ಸದ್ದಿಲ್ಲದೆ ಬದಲಿ ಕೂಡಿಸಿಬಿಡೋಣ ಎಂದು. ಎರಡು ಬೆಳಗು ಅದನ್ನೇ ಮಾಡಿದೆ. ನಾಲ್ಕು ಸಿಕ್ಕವು ಕೂಡ. ಆಮೇಲೆ ನೋಡಿದರೆ ಎರಡು ಬರೀ ಗದ್ದಲ. ಬೇಕು ಬೇಕು ಎಂದು ನೋಡಿದರೆ ಎಲ್ಲ ಗೆರೆಯೂ ಮರುಜೋಡಣೆಯೇ.

ಇವತ್ತು ಮಾವ ಕತ್ತಲಾಗುವ ಹೊತ್ತಿಗೆ ಬಂದರು. ಮಧ್ಯಾಹ್ನವೇ ಬರಬೇಕಿತ್ತು. ಕೆರೆಯ ಹತ್ತಿರ ಇವರ ಹಿಂಡಿಗೆ ಬೇರೆಯವರ ಹಿಂಡು ಕೂಡಿಬಿಟ್ಟಿತಂತೆ. ಆ ಕುರಿಗಾರ ಊರೊಳಗೆ ಔಷಧ ತರಲು ಹೋಗಿದ್ದ. ಅವನು ಬರುವ ತನಕ ಮಾವ ಎರಡೂ ಹಿಂಡು ನಿಲ್ಲಿಸಿಕೊಂಡು ನಾಲ್ಕು ತಾಸು ಕೂತಿದ್ದರು.

"ನಮ್ಮ ಕುರಿ ನಿಮಗ ಗುರ್ತ ಇಲ್ಲೇನ್ರಿ? ಆರಿಸಿ ಹೊಡಕೊಂಡು ಬರಬೇಕಿತ್ತಲ್ರಿ" ಎಂದೆ.

ಮಾವ ನನ್ನನ್ನು ಸಣ್ಣ ಹುಡುಗಿಯನ್ನು ನೋಡುವ ಹಾಗೆ ನೋಡಿದರು. "ಕೂಡಿದ ಕುರಿ ಒಬ್ಬನ ಆರಿಸಬಾರದು ಯವ್ವಾ. ನಮ್ಮ ಮಂದ್ಯಾಗ ಹಂಗಿಲ್ಲ. ಎದುರಿನವ ಬರೂತನಕ ಕುಂದ್ರಬೇಕು, ಮೂರ್ ದಿನ ಆದ್ರೂ. ನಾ ಒಬ್ಬನ ಆರಿಸಿದ್ರ ಚಲೋ ಕುರಿ ಎಲ್ಲಾ ನಮ್ಮವ ಕಾಣ್ತಾವು."

ಸರ್‌ಗಿಂತ ಮೊದಲು, ಜರ್ನಲ್ಲಿಗಿಂತ ಮೊದಲು ಕಾಜಲ್‌ಗೆ ಹೇಳಬೇಕು. ಫೋನಿನಲ್ಲಿ ಅಲ್ಲ. ಲ್ಯಾಪ್‌ಟಾಪ್ ನಡುವೆ ಇಟ್ಟುಕೊಂಡು. ಪಂಚಮಿಗೆ ಅವಳು ಬಿಳೂರಿಗೆ ಬರುತ್ತಾಳೆ, ನಾನೂ ತವರಿಗೆ ಬೆಳುಂಕಿಗೆ ಹೋಗುತ್ತೇನೆ. ಅಲ್ಲಿಂದ ಹೋಗಿಬರಬಹುದು.

ಜುಲೈ 31, ಗುರುವಾರ. ಬೆಳುಂಕಿ

ಬಿಳೂರಿಗೆ ಹೋಗಿ ಬಂದೆ. ಯಾಕಾದರೂ ಹೋದೆನೋ.

ಕಾಜಲ್‌ಳ ಅವ್ವ ಸಾವಿತ್ರೆವ್ವ ಬಾಗಿಲಲ್ಲೇ ಕೈ ಹಿಡಿದರು. "ಬರ್ರಿ ಬರ್ರಿ, ಕುಂದ್ರಿ. ನಿಮ್ಮಿಂದ ನನ್ನ ಮಗಳ ಡಾಕ್ಟರ್ ಆಗಾಕತ್ತಾಳ" ಎಂದು ಶೇಂಗಾ ಉಂಡಿ, ತಂಬಿಟ್ಟು ತಂದಿಟ್ಟರು. ಅವರು ಒಳಗೆ ಹೋದ ಮೇಲೆ ಲ್ಯಾಪ್‌ಟಾಪ್ ತೆಗೆದೆ.

"ಕಾಜಲ್, ಒಂದ ಎಡವಟ್ಟ ಆಗೇತಿ. ನನ್ನ ಪಟ್ಟಿ ತಪ್ಪೈತಿ. ಒಂಬತ್ತು ಬ್ಯಾರೆ ಚೌಕಟ್ಟಿನ್ಯಾಗ ಅದಾವು. ಇಬ್ರೂ ಕೂಡಿ ನೋಡೂನು, ಯಾವ ಇಡೂದು ಯಾವ ಬಿಡೂದು ಅಂತ."

ಅವಳು ಸ್ಕ್ರೀನ್ ಕಡೆ ನೋಡಲೇ ಇಲ್ಲ. "ಯಾವ ಒಂಬತ್ತು ಅಂತ ನಂಗ ಗೊತ್ತೈತಿ ಅಕ್ಕಾ."

"ಹೆಂಗ?"

"ಫೆಬ್ರುವರಿದಾಗ ನೋಡಿನಿ. ಥೀಸಿಸ್‌ನ್ಯಾಗ ಹದಿನಾಲ್ಕ ಇಟ್ಟೀನಿ."

ಥೀಸಿಸ್ ಪ್ರತಿ ಕೊಡುತ್ತೇನೆ ಕೊಡುತ್ತೇನೆ ಎಂದವಳು ಯಾಕೆ ಕೊಡಲಿಲ್ಲ ಎಂದು ಆಗ ತಿಳಿಯಿತು. 'ಹದಿನಾಲ್ಕು ಆಯ್ದುಕೊಳ್ಳಲಾಗಿದೆ' ಎಂದು ಒಂದೇ ಸಾಲು ಬರೆದಿದ್ದಾಳಂತೆ. ಸರ್ ಕೂಡ ಕೇಳಿಲ್ಲ.

"ಪೇಪರ್ ನಾವು ಕಳಿಸಿದ್ದು ಮಾರ್ಚ್‌ನಾಗ" ಎಂದೆ.

"ಹೂಂ."

"ನೀನೂ ಸಹಿ ಮಾಡಿದಿ."

"ಹೇಳಿದ್ರ ನೀವು ಪೇಪರ್ ನಿಲ್ಲಸ್ತಿದ್ರಿ. ಮತ್ತ ವರ್ಷ ಹೋಗ್ತಿತ್ತು. ನನ್ನ ಕಡೆ ವರ್ಷ ಇರಲಿಲ್ಲ ಅಕ್ಕಾ." ಅಳಲಿಲ್ಲ. ತಂಬಿಟ್ಟಿನ ತಾಟನ್ನೇ ನೋಡುತ್ತ ಕೂತಿದ್ದಳು. "ಇಪ್ಪತ್ತೆರಡನೇ ತಾರೀಖಿನ ತನಕ ಸುಮ್ಮನಿರ್ರಿ. ಅಷ್ಟ. ಆಮ್ಯಾಲ ನೀವು ಏನ್ ಬರೀತೀರಿ ಬರೀರಿ."

ಎದ್ದು ಬಂದೆ. ಸಾವಿತ್ರೆವ್ವ ಉಂಡಿ ಕಟ್ಟಿಕೊಟ್ಟರು, ಬೇಡ ಅನ್ನಲು ಆಗಲಿಲ್ಲ.

ಆಗಸ್ಟ್ 1, ಶುಕ್ರವಾರ. ಬೆಳುಂಕಿ

ಸಿಟ್ಟು. ಬೇರೇನೂ ಇಲ್ಲ, ಬರೀ ಸಿಟ್ಟು. ಹದಿನೆಂಟು ದಿನ ಅವಳ ಗತಿ ಏನು ಎಂದು ಊಟ ಬಿಟ್ಟು ಕೂತವಳು ನಾನು. ಅವಳು ತನ್ನ ಕುರಿ ಆರಿಸಿಕೊಂಡು ಆರು ತಿಂಗಳಾಗಿದೆ. ಕುಂಟು ಕುರಿಗಳನ್ನು ನನ್ನ ಹಿಂಡಿನಲ್ಲೇ ಬಿಟ್ಟು, ಮೇಲೆ ಫೋನಿನಲ್ಲಿ 'ನಿಮ್ಮ ಪುಣ್ಯಾ' ಬೇರೆ!

ಬೆನ್ನ ಹಿಂದೆ ನಕ್ಕಿರಬಹುದೇ? ಇಲ್ಲ. ನಗುವವಳಲ್ಲ. ಅದೇ ಇನ್ನೂ ಕಷ್ಟ.

ಆಗಸ್ಟ್ 17, ಭಾನುವಾರ

ಹದಿನಾರು ದಿನ ಬರೆದಿಲ್ಲ. ಯಾರಿಗೂ ಏನೂ ಹೇಳಿಯೂ ಇಲ್ಲ. ಕಾಜಲ್‌ಳಿಂದ ಫೋನ್ ಇಲ್ಲ, ನನ್ನಿಂದಲೂ ಇಲ್ಲ. ಜರ್ನಲ್ಲಿಗೆ ಪತ್ರ ಹೋಗಬೇಕಾದರೆ ಮೂವರ ಸಹಿ ಬೇಕು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನೆಪವೇ ಅದು. ಸರ್‌ಗೆ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು.

ಇವರು ಡ್ಯೂಟಿಯಿಂದ ಬಂದು ಕಾಲು ತೊಳೆಯುತ್ತ ಕೇಳಿದರು: "ಏನಾತು ನಿನ್ನ ಬಾಲದ್ದು?"

"ಇಪ್ಪತ್ತೆರಡಕ್ಕ ಅಕೀದು ಮುಗೀಲಿ ಅಂತ ಸುಮ್ನದೀನಿ."

"ಹಂಗಾರ ಈಗ ನೀನೂ ಅಕಿ ಜೋಡಿ ಆದಿ."

ಸಿಟ್ಟು ಬಂತು. ನಿಜವಾದ್ದರಿಂದ ಬಂತು.

ಆಗಸ್ಟ್ 22, ಶುಕ್ರವಾರ. ಸಂಜೆ, ವಾಪಸ್ ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ಇರಲಿ.

ಹಾಲ್‌ನಲ್ಲಿ ನಲವತ್ತು ಜನ. ಮೂರನೆಯ ಸಾಲಿನಲ್ಲಿ ಕೂತೆ. ಕಾಜಲ್ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಚಲೋ ಮಾತಾಡಿದಳು. ಬಾಲದ ಪದರ ಹೇಗೆ ತೆಳುವಾಗುತ್ತದೆ, ಜೋಡಣೆಯಾದಾಗ ಎಲೆಕ್ಟ್ರಾನುಗಳಿಗೆ ಎಷ್ಟು ವೇಗ ಬರುತ್ತದೆ — ನನಗಿಂತ ಚಲೋ ಹೇಳಿದಳು. ಸಿಟ್ಟಿನಲ್ಲೂ ಹೆಮ್ಮೆಯಾಯಿತು.

ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಮೆತ್ತಗಿನ ಇಂಗ್ಲಿಷ್. ನಮ್ಮ ಪೇಪರ್ ಪ್ರಿಂಟ್ ಮಾಡಿಸಿ ತಂದಿದ್ದರು. ಪೇಪರಿನಲ್ಲಿ ಇಪ್ಪತ್ತಮೂರು, ಥೀಸಿಸ್ಸಿನಲ್ಲಿ ಹದಿನಾಲ್ಕು. ಒಂಬತ್ತು ಎಲ್ಲಿ ಹೋದವು ಎಂದು ಕೇಳಿದರು.

ಕಾಜಲ್ ಸುಳ್ಳು ಹೇಳಲಿಲ್ಲ. ಚೌಕಟ್ಟು ತಪ್ಪಾಗಿತ್ತು, ಅದಕ್ಕೆ ಬಿಟ್ಟೆ ಎಂದಳು.

ಯಾವಾಗ ಗೊತ್ತಾಯಿತು?

ಫೆಬ್ರುವರಿಯಲ್ಲಿ.

ಪೇಪರ್ ಕಳಿಸಿದ ತಾರೀಖು ಮಾರ್ಚ್ ಎಂದಿದೆ. ಮೊದಲ ಲೇಖಕಿಗೆ ತಿಳಿಸಿದಿರಾ?

ಅವಳು ಮೈಕ್ ಹಿಡಿದುಕೊಂಡು ನಿಂತಳು. ಕೊನೆಯ ಸಾಲಿನಲ್ಲಿ ಸಾವಿತ್ರೆವ್ವ ಸೆರಗು ಹೊದ್ದು ಕೂತಿದ್ದರು. ಇಂಗ್ಲಿಷ್ ತಿಳಿಯದು, ಮಗಳು ಸುಮ್ಮನಾದದ್ದು ತಿಳಿಯಿತು. ಅರ್ಧ ಎದ್ದು ನಿಂತರು. ವಿಜಯ ಸರ್ ಮುಖ ಬೆಳ್ಳಗಾಗಿತ್ತು. ಮೊದಲ ಲೇಖಕಿ ಇಲ್ಲೇ ಇದ್ದಾರೆ ಎಂದು ನನ್ನ ಕಡೆ ಕೈ ಮಾಡಿದರು.

ಎದ್ದು ನಿಂತೆ. "ಹೇಳಿದ್ದಳು ಸರ್. ಆಗಲೇ ಹೇಳಿದ್ದಳು. ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ."

ಹೌದು, ಹಾಗೇ ಹೇಳಿದೆ. ಸಿಟ್ಟು ಹೋಗಿರಲಿಲ್ಲ. ಈಗಲೂ ಹೋಗಿಲ್ಲ. ಸಿಟ್ಟಿದ್ದವಳೇ ಹೇಳಿದೆ.

ಪರೀಕ್ಷಕರು ಏನೋ ಬರೆದುಕೊಂಡರು. ಮುಕ್ಕಾಲು ತಾಸು ಬಾಗಿಲು ಹಾಕಿಕೊಂಡು ಮಾತಾಡಿದರು. ಡಿಗ್ರಿ ಕೊಡಬಹುದು ಎಂದು ಶಿಫಾರಸು. ಚಪ್ಪಾಳೆ. ಒಂದು ಷರತ್ತು: ಹತ್ತು ದಿನದೊಳಗೆ ಜರ್ನಲ್ಲಿಗೆ ತಪ್ಪೊಪ್ಪಿಗೆ ಪತ್ರ ಹೋಗಬೇಕು, ತಪ್ಪು ಗಮನಕ್ಕೆ ಬಂದ ತಾರೀಖಿನ ಸಮೇತ, ಮೊದಲ ಲೇಖಕಿಯಿಂದ. ನಕಲು ವಿದ್ಯಾಪೀಠಕ್ಕೆ.

ಕಾಜಲ್ ಜನರ ನಡುವಿನಿಂದ ನನ್ನ ಹತ್ತಿರ ಬರಲು ನೋಡುತ್ತಿದ್ದಳು. ನಾನು ಹೊರಗೆ ಬಂದು ರಿಕ್ಷಾ ಹಿಡಿದೆ.

ಆಗಸ್ಟ್ 24, ಭಾನುವಾರ. ಬೆಳಿಗ್ಗೆ

ಸರ್ ಫೋನ್. ಮರಾಠಿಯಲ್ಲಿ, ಎಂದಿಗಿಂತ ನಿಧಾನ. ಫೆಬ್ರುವರಿಯಲ್ಲೇ ಗೊತ್ತಿತ್ತು ಎಂದು ನಲವತ್ತು ಜನರ ಮುಂದೆ ನೀನೇ ಹೇಳಿದ್ದೀಯ. ಮಾರ್ಚ್‌ನಲ್ಲಿ ಪೇಪರ್ ಕಳಿಸಿದ್ದೀಯ. ತಿಳಿದೂ ಕಳಿಸಿದವಳ ಥೀಸಿಸ್ಸಿಗೆ ನಾನು ಹೇಗೆ ಸಹಿ ಹಾಕಲಿ, ನೀನೇ ಹೇಳು ಎಂದರು.

"ಖರೆ ಫೆಬ್ರುವರಿಯೇ?" ಎಂದು ಕೇಳಿದರು. ಆಮೇಲೆ ಅವರೇ, "ಈಗ ಹೇಳಬೇಡ. ಪತ್ರದಲ್ಲಿ ಬರೆ. ಯಾವುದು ನಿಜವೋ ಅದನ್ನೇ ಬರೆ" ಎಂದು ಫೋನ್ ಇಟ್ಟರು.

ಜುಲೈ ಎಂದು ಬರೆದರೆ ನನ್ನ ಥೀಸಿಸ್ ಉಳಿಯುತ್ತದೆ. ಕಾಜಲ್‌ಳ ವೈವಾ ಮತ್ತೆ ತೆರೆಯುತ್ತಾರೆ. ಫೆಬ್ರುವರಿ ಎಂದು ಬರೆದರೆ, ವೈವಾ ಮುಗಿದಿರುವುದರಿಂದ ಪೇಪರ್ ಹೋದರೂ ಅವಳದು ಉಳಿಯುತ್ತದೆ. ನನ್ನ ನಾಲ್ಕು ವರ್ಷ, ಮುಂದೆ ಪರ್ಮನಂಟ್ ಆಗುವ ಮಾತು, ಹೆಸರು... ಇನ್ನು ಯಾರೂ ನನ್ನ ಪಟ್ಟಿ ನಂಬುವುದಿಲ್ಲ.

ಅಳು ಬಂತು. ಅತ್ತು ಚಹಾ ಮಾಡಿದೆ.

ಆಗಸ್ಟ್ 25, ಸೋಮವಾರ. ಬೆಳಿಗ್ಗೆ 5.30

ಕಾಜಲ್‌ಳಿಂದ ಒಂದು ಮೇಲ್. ಖಾಲಿ ಹಾಳೆ ಸ್ಕ್ಯಾನ್ ಮಾಡಿ ಕಳಿಸಿದ್ದಾಳೆ, ಕೆಳಗೆ ಬರೀ ಅವಳ ಸಹಿ. ಜೊತೆಗೆ ಎರಡು ಸಾಲು: "ಅಕ್ಕಾ, ಮ್ಯಾಲ ನೀವು ಏನ್ ಬರದ್ರೂ ನಂದು ಒಪ್ಪಿಗೆ ಐತಿ. ಜುಲೈ ಅಂತ ಬರದ್ರೂ."

ಅವ್ವನಿಗೆ ಹೇಳಿದ್ದಾಳೋ ಇಲ್ಲವೋ ಬರೆದಿಲ್ಲ.

ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಇಂಗ್ಲಿಷ್ ಆಮೇಲೆ. ಮೊದಲು ಇಲ್ಲೇ ಬರೆದುಕೊಳ್ಳುತ್ತೇನೆ, ಕೈಗೆ ಬಂದ ಹಾಗೆ.

ಸಂಪಾದಕರಿಗೆ. ನಮ್ಮ ಪ್ರಬಂಧದ ಪಟ್ಟಿಯಲ್ಲಿರುವ 15ರಿಂದ 23ರವರೆಗಿನ ಒಂಬತ್ತು ಘಟನೆಗಳನ್ನು ತಪ್ಪು ಚೌಕಟ್ಟಿನಲ್ಲಿ ಅಳೆಯಲಾಗಿದೆ. ಅವುಗಳಲ್ಲಿ ಏಳು ಮರುಜೋಡಣೆಯ ಘಟನೆಗಳಲ್ಲ. ಡೇಟಾ ಇಳಿಸಿದವಳು ನಾನು, ತಪ್ಪು ಪೂರ್ತಿ ನನ್ನದು. ಪ್ರಬಂಧವನ್ನು ಹಿಂದಕ್ಕೆ ಪಡೆಯಬೇಕೆಂದು ಕೇಳಿಕೊಳ್ಳುತ್ತೇನೆ. ಈ ತಪ್ಪು ನನ್ನ ಗಮನಕ್ಕೆ ಬಂದದ್ದು 2025ನೆಯ ಇಸವಿಯ